ಆರೂಕಾಲು ಪೈಸೆ

ಆಣೆ ಹಾಸಿಗೆ ಹಿಡಿದ ವರ್ಷ ನನಗೆ ಹನ್ನೆರಡು.
ಬೊಂಬಾಯಿ ಕೋಟೆಯ ಬಜಾರ್ ಗೇಟ್ ಬೀದಿ,
ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು
ರಾತ್ರಿ ಎಂಟಕ್ಕೆ ಕನ್ನಡ ಶಾಲೆ.
ಕೈಗೆ ಸೋಡಾಪುಡಿಯ ವಾಸನೆ,
ಸ್ಲೇಟಿಗೂ ಅದೇ.

ಗಲ್ಲಾದ ಹಿಂದೆ ಧನಿಗಳು ಹೊಸ ಪಟ್ಟಿ ಅಂಟಿಸಿದ್ದರು:
ಒಂದಾಣೆಗೆ ಆರು ನಯಾಪೈಸೆ,
ಎರಡಕ್ಕೆ ಹನ್ನೆರಡು,
ಮೂರಕ್ಕೆ ಹತ್ತೊಂಬತ್ತು,
ನಾಲ್ಕಕ್ಕೆ ಇಪ್ಪತ್ತೈದು.
ಆರು, ಆರು, ಏಳು, ಆರು.
ಇದೆಂಥ ಮೆಟ್ಟಿಲು, ಮೂರನೆಯದು ಮಾತ್ರ ಎತ್ತರ?
ಕತ್ತಲೆಯಲ್ಲಿ ಹತ್ತಿದವನು ಎಡವುವುದೇ ಸೈ.

ಪಲಿಮಾರು ಮಾಸ್ತರು ಹಗಲು ಬಂದರಿನಲ್ಲಿ ಗುಮಾಸ್ತರು.
ಜೇಬಿನಿಂದ ಕಾಗದದ ಪೊಟ್ಟಣ ಬಿಚ್ಚಿ
ನನ್ನ ಸ್ಲೇಟಿನ ಮೇಲೊಂದು ಸಾಸಿವೆ ಇಟ್ಟರು.
“ಇದು ಬಿಂದು ಮಾರಾಯಾ.
ಎಡಕ್ಕೆ ಇಡೀ ಪೈಸೆ, ಬಲಕ್ಕೆ ಚೂರು.
ಒಂದಾಣೆ ಅಂದರೆ ಆರು ಬಿಂದು ಎರಡು ಐದು,
ಎರಡಾಣೆ ಅಂದರೆ ಹನ್ನೆರಡು ಬಿಂದು ಐದು.
ಯಾರ ಚೂರು ದೊಡ್ಡದು, ಹೇಳು.”

“ಇಪ್ಪತ್ತೈದು” ಅಂದೆ. ಐದಕ್ಕಿಂತ ದೊಡ್ಡದಲ್ಲವೇ ಅದು?
ಬೇಕರಿಯ ದೂಮ ಹಿಂದಿನಿಂದ ನಕ್ಕ,
ಅವನಿಗೂ ಗೊತ್ತಿರಲಿಲ್ಲ.

“ಒಂದು ದೋಸೆ ಹತ್ತು ತುಂಡು ಮಾಡಿ ಐದು ನೀನು ತಿನ್ನು,
ಇನ್ನೊಂದನ್ನು ನೂರು ತುಂಡು ಮಾಡಿ
ಇಪ್ಪತ್ತೈದು ದೂಮನಿಗೆ ಕೊಡು.
ಆಮೇಲೆ ಯಾರ ಹೊಟ್ಟೆ ಕರೆಯುತ್ತದೆ, ಕೇಳು.
ಎಷ್ಟು ತುಂಡು ಅಂತ ಎಣಿಸಿದರೆ ಸಾಲದು,
ಎಷ್ಟು ಸಣ್ಣಗೆ ಹೆಚ್ಚಿದ್ದಾರೆ ಅಂತಲೂ ನೋಡಬೇಕು.”

ಅಂದು ರಾತ್ರಿ ಚೂರುಗಳನ್ನು ಸಾಲಾಗಿ ನಿಲ್ಲಿಸಿದೆವು
ಚಾಳಿನ ನಳದ ಮುಂದೆ ಕೊಡ ಇಟ್ಟ ಹಾಗೆ:
ಎರಡು ಐದು, ಬರೀ ಐದು, ಏಳು ಐದು.
ಇದೇನು, ಕಾಲು, ಅರೆ, ಮುಕ್ಕಾಲು!
ಅಮ್ಮ ಅಕ್ಕಿ ಅಳೆಯುವಾಗ ಆಡುವ ಮಾತು
ಇಲ್ಲಿ ಬಂದು ಅಂಗಿ ಬದಲಿಸಿ ಕೂತಿದೆ.

ಕೂಡಿಸುವಾಗ ಸಾಸಿವೆಯ ಕೆಳಗೆ ಸಾಸಿವೆ ಬರಬೇಕು.
ನಾನು ಅಂಚಿಗೆ ಅಂಚು ಸೇರಿಸಿ ಬರೆದಿದ್ದೆ,
ಐದರ ಕೆಳಗೆ ಐದು ಚೆಂದ ಕಾಣುತ್ತದೆಂದು.
ಮಾಸ್ತರು ಒದ್ದೆ ಬೆರಳಲ್ಲಿ ಒರೆಸಿದರು.
ಸರಿಯಾಗಿ ಬರೆದಾಗ ಬಂತು ಹದಿನೆಂಟು ಬಿಂದು ಏಳು ಐದು.
ಮೂರಾಣೆ. ಎತ್ತರದ ಮೆಟ್ಟಿಲು.

“ಅರೆ ದಾಟಿದರೆ ಮೇಲಕ್ಕೆ ಎತ್ತಿ ದುಂಡು ಮಾಡು,
ದಾಟದಿದ್ದರೆ ಚೂರು ಬಿಟ್ಟುಬಿಡು.”
“ಸರಿಯಾಗಿ ಅರೆಯಲ್ಲೇ ನಿಂತರೆ?”
“ನನ್ನ ಪುಸ್ತಕ ಮೇಲಕ್ಕೆ ಅನ್ನುತ್ತದೆ,
ನಿಮ್ಮ ಧನಿಗಳ ಪಟ್ಟಿ ಕೆಳಕ್ಕೆ ತಳ್ಳಿದೆ”
ಎಂದವರು ಕನ್ನಡಕ ಒರೆಸಿಕೊಂಡರು,
ಒರೆಸುತ್ತಲೇ ಇದ್ದರು.

ಮರುದಿನ ಹಡಗು ಕಂಪನಿಯ ನಾಲ್ವರು ಬಂದರು.
ಬೇರೆ ಬೇರೆ ಮೇಜಿನಲ್ಲಿ ಕುಡಿದರೆ
ನಾಲ್ಕು ಚಹಾಕ್ಕೆ ಇಪ್ಪತ್ತನಾಲ್ಕು,
ಒಂದೇ ಬಿಲ್ಲಿಗೆ ಇಪ್ಪತ್ತೈದು.
ಬೊಂಬಾಯಿಯಲ್ಲಿ ಸ್ನೇಹಕ್ಕೆ ಒಂದು ಪೈಸೆ ತೆರಿಗೆ
ಅಂತ ದೂಮನಿಗೆ ಹೇಳಿದೆ. ಅವ ಮತ್ತೆ ನಕ್ಕ.

ತಿಂಗಳ ಕೊನೆಗೆ ಸಂಬಳ. ನಾನು ಒಡೆದ ಲೋಟ ನಾಲ್ಕು,
ಒಂದಕ್ಕೆ ಮೂರಾಣೆ.
ಧನಿಗಳು ಬರೆದರು: ಹತ್ತೊಂಬತ್ತು, ಹತ್ತೊಂಬತ್ತು,
ಹತ್ತೊಂಬತ್ತು, ಹತ್ತೊಂಬತ್ತು.
ಎಪ್ಪತ್ತಾರು ಕಡಿತ.
ನನ್ನ ಗಂಟಲಿನಲ್ಲಿ ಸಾಸಿವೆ ಸಿಕ್ಕಿಕೊಂಡಿತು.
“ಧನೀ, ಮೊದಲು ಕೂಡಿಸಬೇಕು, ಆಮೇಲೆ ದುಂಡು ಮಾಡಬೇಕು.
ಹನ್ನೆರಡಾಣೆಗೆ ಎಪ್ಪತ್ತೈದೇ.”

ದೋಸೆಕಲ್ಲಿನ ಐತಪ್ಪಣ್ಣನ ಸಟ್ಟುಗ ನಿಂತಿತು.
ಧನಿಗಳು ನನ್ನನ್ನು ನೋಡಿದರು, ಪಟ್ಟಿಯನ್ನು ನೋಡಿದರು,
ಲೋಟ ಒಡೆಯುವ ಕೈ ಲೆಕ್ಕ ಒಡೆಯುವುದಿಲ್ಲ ಅಂದರು.
ತಾಮ್ರಬಣ್ಣದ ಒಂದು ಪೈಸೆ ಗಲ್ಲಾದಿಂದ ಜಾರಿ
ಮೇಜಿನ ಮೇಲೆ ಗಿರಗಿರ ತಿರುಗಿತು.
ಅದಕ್ಕೆ ಇಡೀ ಕೋಟೆಯಲ್ಲಿ ನನಗೇನೂ ಸಿಗಲಿಲ್ಲ.

ಶಾಲೆಗೆ ಓಡಿದೆ. ಮಾಸ್ತರು ಇನ್ನೂ ಬಂದಿರಲಿಲ್ಲ.
ಸ್ಲೇಟು ತೆಗೆದು ದೊಡ್ಡದಾಗಿ ಆಣೆಯ ಬೆಲೆ ಬರೆದು
ಬಿಂದುವಿಗೆ ಜೇಬು ತಡಕಿದೆ.
ಸಾಸಿವೆ ಎಲ್ಲೋ ಉದುರಿಹೋಗಿತ್ತು.
ದೀಪದ ಕೆಳಗೆ ನನ್ನ ಒಂದಾಣೆ
ಆರುನೂರ ಇಪ್ಪತ್ತೈದು ಪೈಸೆಯಾಗಿ ಕೂತಿತ್ತು.
ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳುವವರೆಗೂ
ನಾನದನ್ನು ಹಾಗೆಯೇ ಬಿಟ್ಟೆ.